ಪ್ರಾಗ್‌ನ ನ್ಯಾಷನಲ್ ಥಿಯೇಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾಗ್‌ಗೆ ಬರುವ ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು ಎಲ್ಲರೂ ನದಿ ಪಕ್ಕದ ಆ ಚಿನ್ನದ ನೆತ್ತಿಯ ಕಟ್ಟಡ ನೋಡಿ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಸಾಕಾಯಿತು, ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಇತಿಹಾಸದ ಮೇಷ್ಟ್ರಲ್ಲ. ನಾಟಕದ ಹುಚ್ಚು ಇರುವವನು, ಅಷ್ಟೇ.

ಆ ಕಟ್ಟಡ ಯಾವುದು? ಅರಮನೆನಾ, ಚರ್ಚಾ?

ಎರಡೂ ಅಲ್ಲ, ನಾಟಕದ ಮನೆ. ಜೆಕ್ ಭಾಷೆಯಲ್ಲಿ ನಾರೋದ್ನಿ ದಿವಾದ್ಲೋ. ನಾರೋದ್ ಅಂದರೆ ನಾಡಿನ ಜನ, ದಿವಾದ್ಲೋ ಅಂದರೆ ರಂಗಮಂದಿರ. ವಲ್ತಾವಾ ನದಿಯ ದಂಡೆಯಲ್ಲಿ, ಲೆಜಿಯಿ ಸೇತುವೆ ಶುರುವಾಗುವ ಮೂಲೆಯಲ್ಲಿದೆ. ಅದರ ಮುಂದಿನ ರಸ್ತೆಗೂ ನಾರೋದ್ನಿ ಅಂತಲೇ ಹೆಸರು. ಊರಿನವರು ಪ್ರೀತಿಯಿಂದ ಕರೆಯುವುದು 'ಚಿನ್ನದ ಪುಟ್ಟ ಗುಡಿ' ಅಂತ. ಗಾತ್ರ ನೋಡಿದರೆ ಪುಟ್ಟದೇನೂ ಅಲ್ಲ, ಆದರೆ ನಮ್ಮವರೂ ಆನೆ ಗಾತ್ರದ ಮಗನನ್ನು 'ಪುಟ್ಟಾ' ಅಂತ ಕರೆಯುವುದಿಲ್ಲವಾ.

ಒಂದು ನಾಟಕದ ಮನೆಗೆ ಇಷ್ಟೊಂದು ಮರ್ಯಾದೆ ಯಾಕೆ?

ಭಾಷೆಯಿಂದ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಆಗ ಇದು ವಿಯೆನ್ನಾದಿಂದ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳ ಕೈಕೆಳಗಿನ ಬೊಹೀಮಿಯಾ, ಅಂದರೆ ಪ್ರಾಗ್ ಸುತ್ತಲಿನ ಜೆಕ್ ಸೀಮೆ. ಕಚೇರಿಯಲ್ಲಿ ಜರ್ಮನ್, ದೊಡ್ಡ ಓದಿಗೆ ಜರ್ಮನ್, ದೊಡ್ಡ ಮನೆಗಳ ಹಾಲ್‌ನಲ್ಲಿ ಜರ್ಮನ್. ಜೆಕ್ ಅಂದರೆ ಹೊಲದಲ್ಲಿ, ಅಡುಗೆಮನೆಯಲ್ಲಿ, ಕುದುರೆ ಲಾಯದಲ್ಲಿ ಆಡುವ ಮಾತು. 1786ರಲ್ಲಿ ಕುದುರೆ ಸಂತೆ ನಡೆಯುತ್ತಿದ್ದ ಬಯಲಲ್ಲಿ (ಈಗಿನ ವೆನ್ಸೆಸ್ಲಾಸ್ ಚೌಕ) ಮರದ ಹಲಗೆಯ ಒಂದು ರಂಗಮಂದಿರ ಕಟ್ಟಿ ಜೆಕ್ ನಾಟಕ ಆಡಿದರು. ಜನ ಅದನ್ನು ಕರೆದಿದ್ದೇ 'ಬೌದಾ' ಅಂತ, ಅಂದರೆ ಶೆಡ್ಡು. ಮೂರು ವರ್ಷದಲ್ಲಿ ಅದೂ ಹೋಯಿತು. ಆಮೇಲೆ ಊರಿನ ದೊಡ್ಡ ರಂಗಮಂದಿರದಲ್ಲಿ ಜೆಕ್ ನಾಟಕಕ್ಕೆ ಸಿಕ್ಕಿದ್ದು ಭಾನುವಾರ, ಹಬ್ಬದ ದಿನಗಳ ಮಧ್ಯಾಹ್ನದ ಹೊತ್ತು. ಸಂಜೆಯ ಒಳ್ಳೆ ಹೊತ್ತೆಲ್ಲ ಜರ್ಮನ್‌ಗೆ. ನಮ್ಮ ಊರಲ್ಲೇ ನಮ್ಮ ಭಾಷೆಗೆ ಉಳಿದ ಹೊತ್ತಲ್ಲಿ ಜಾಗ ಕೊಡುವುದು ಅಂದರೆ ಹೇಗಿರುತ್ತೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮದೇ ಒಂದು ಮನೆ ಬೇಕು ಅನ್ನುವ ಆಸೆ ಹುಟ್ಟಿದ್ದು ಅಲ್ಲಿಂದ. 1845ರಲ್ಲಿ ಇತಿಹಾಸಕಾರ ಫ್ರಾಂತಿಶೆಕ್ ಪಲಾತ್ಸ್ಕಿ ಮುಂದೆ ನಿಂತು ಅನುಮತಿಗೆ ಅರ್ಜಿ ಹಾಕಿದರು. 1850ರಲ್ಲಿ ಒಂದು ಸಮಿತಿ ಆಯಿತು. ಮಾರನೇ ವರ್ಷ ದುಡ್ಡು ಕೊಡಿ ಅಂತ ಜನರನ್ನು ಕೇಳಿದರು. 1852ರಲ್ಲಿ ನದಿ ಪಕ್ಕ ಹಳೇ ಉಪ್ಪಿನ ದಾಸ್ತಾನು ಇದ್ದ ಜಾಗ ಕೊಂಡರು.

ಅರ್ಜಿ ಹಾಕಿದ್ದು 1845, ಬಾಗಿಲು ತೆರೆದಿದ್ದು 1881. ಇಷ್ಟು ವರ್ಷ ಏನು ಮಾಡುತ್ತಿದ್ದರು?

ದುಡ್ಡು ಎತ್ತುತ್ತಿದ್ದರು, ಮತ್ತೆ ಜಗಳ ಆಡುತ್ತಿದ್ದರು. 1850ರ ದಶಕದಲ್ಲಿ ವಿಯೆನ್ನಾದ ಸರ್ಕಾರ ಇಂಥ ಉತ್ಸಾಹವನ್ನೆಲ್ಲ ಅನುಮಾನದಿಂದಲೇ ನೋಡುತ್ತಿತ್ತು, ಚಂದಾ ಎತ್ತುವುದು ಕುಂಟಿತು. ದೊಡ್ಡದು ಆಗುವವರೆಗೆ ಚಿಕ್ಕದೊಂದು ಇರಲಿ ಅಂತ ಆರೇ ತಿಂಗಳಲ್ಲಿ ಅದೇ ಜಾಗದ ಒಂದು ಮೂಲೆಯಲ್ಲಿ 'ತಾತ್ಕಾಲಿಕ ರಂಗಮಂದಿರ' ಎಬ್ಬಿಸಿದರು. ಅದು ಶುರುವಾಗಿದ್ದು 1862ರ ನವೆಂಬರ್ 18ಕ್ಕೆ.

ಆ ತಾತ್ಕಾಲಿಕ ಮನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಂಗೀತಕಾರ ಬೆದ್ರ್ಝಿಖ್ ಸ್ಮೆತನಾ 1866ರಿಂದ 1874ರವರೆಗೆ ಅಲ್ಲಿ ವಾದ್ಯವೃಂದ ನಡೆಸಿದರು. ವಯೋಲಾ ನುಡಿಸುವವರ ಸಾಲಲ್ಲಿ ಕೂತಿದ್ದ ಒಬ್ಬ ಹುಡುಗನ ಹೆಸರು ಆಂತೊನಿನ್ ದ್ವೊರ್ಝಾಕ್. ಹೌದು, ಮುಂದೆ ಜಗತ್ತಿಗೆಲ್ಲ ಗೊತ್ತಾದ ಸಂಗೀತಕಾರ, ಅದೇ ದ್ವೊರ್ಝಾಕ್. ಮಜಾ ಅಂದರೆ ಆ ತಾತ್ಕಾಲಿಕ ಕಟ್ಟಡ ಇವತ್ತಿಗೂ ಇದೆ. ದೊಡ್ಡ ಕಟ್ಟಡ ಅದನ್ನು ನುಂಗಿಕೊಂಡಿದೆ. ಹಿಂಬದಿಗೆ ಹೋಗಿ ನಿಂತರೆ ಗೋಡೆಯ ಗೆರೆ ಬೇರೆ ಥರ ಕಾಣುತ್ತದೆ.

ಅಡಿಗಲ್ಲಿನ ಕಥೆ ಏನು?

ನನಗೆ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾದ ಭಾಗ ಇದು. 1868ರ ಮೇ 16. ಅಡಿಗಲ್ಲು ಅಂದರೆ ಒಂದು ಕಲ್ಲು ಅಲ್ಲ, ಹತ್ತಾರು ಕಲ್ಲು. ಜೆಕ್ ಜನರ ಮೂಲಪುರುಷ ಬಂದು ನಿಂತ ಅಂತ ಕಥೆ ಹೇಳುವ ರ್ಝಿಪ್ ಗುಡ್ಡದಿಂದ ಒಂದು, ನಾಡಿಗೆ ಕಷ್ಟ ಬಂದಾಗ ಎದ್ದು ಬರುವ ಸೈನಿಕರು ಒಳಗೆ ಮಲಗಿದ್ದಾರೆ ಅನ್ನುವ ಬ್ಲಾನಿಕ್ ಬೆಟ್ಟದಿಂದ ಒಂದು, ಮೊರಾವಿಯಾದ ರಾದ್ಹೋಷ್ತ್‌ನಿಂದ ಒಂದು, ಹೀಗೆ. ನಮ್ಮಲ್ಲಿ ಏಳು ನದಿಯ ನೀರು ತರುವ ಹಾಗೆ ಇವರು ಬೆಟ್ಟ ಬೆಟ್ಟದ ಕಲ್ಲು ತಂದರು. ಊರೂರಿಂದ ಜನ ಅವರವರ ಉಡುಗೆಯಲ್ಲಿ ಮೆರವಣಿಗೆ ಬಂದರು. ಸ್ಮೆತನಾ ಸುತ್ತಿಗೆಯಿಂದ ಕಲ್ಲಿಗೆ ತಟ್ಟಿ 'ಜೆಕ್ ಜನರ ಬದುಕು ಸಂಗೀತದಲ್ಲಿದೆ' ಅಂದರು. ಅವತ್ತೇ ಅವರ 'ದಾಲಿಬೋರ್' ಒಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ಮೊದಲ ಪ್ರದರ್ಶನವೂ ಆಯಿತು, ಬೇರೆ ರಂಗಮಂದಿರದಲ್ಲಿ.

ಆಮೇಲೆ ಅಮೆರಿಕದ ಶಿಕಾಗೋಗೆ ವಲಸೆ ಹೋಗಿದ್ದ ಜೆಕ್ ಜನರೂ ಒಂದು ಕಲ್ಲು ಕಳಿಸಿದರು. ಅದರ ಮೇಲೆ ಬರೆದದ್ದರ ಅರ್ಥ: ರಕ್ತ ಕೂಡಿಸಿದ್ದನ್ನು ಕಡಲು ಅಗಲಿಸದು. ಈ ಕಲ್ಲುಗಳನ್ನು ಈಗಲೂ ನೆಲಮಾಳಿಗೆಯಲ್ಲಿ ನೋಡಬಹುದು. ಊರು ಬಿಟ್ಟು ಬಂದವರು ಶಿಕಾಗೋ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತಾರೆ. ನಾನೂ ನಿಂತಿದ್ದೆ.

ಬೆಂಕಿ ಬಿದ್ದಿತ್ತಂತೆ, ನಿಜನಾ?

ನಿಜ. ಕಟ್ಟಡದ ನಕ್ಷೆ ಮಾಡಿದವರು ಯೋಸೆಫ್ ಜೀತೆಕ್. 1881ರ ಜೂನ್ 11ಕ್ಕೆ, ಯುವರಾಜ ರುಡಾಲ್ಫ್ ಊರಿಗೆ ಬರುತ್ತಾರೆ ಅಂತ, ಕೆಲಸ ಪೂರ್ತಿ ಮುಗಿಯದೆಯೇ ಬಾಗಿಲು ತೆರೆದರು. ಕೆಲವು ಪ್ರದರ್ಶನ ಆಡಿ ಉಳಿದ ಕೆಲಸ ಮುಗಿಸೋಣ ಅಂತ ಮತ್ತೆ ಮುಚ್ಚಿದರು. ಆಗಸ್ಟ್ 12ರ ಸಂಜೆ ಚಾವಣಿಯ ಮೇಲೆ ಸಿಡಿಲು ತಡೆಯುವ ಸರಳಿನ ಕೆಲಸ ನಡೆದಿತ್ತು. ಅಲ್ಲಿಂದ ಬೆಂಕಿ ಹತ್ತಿತು. ತಾಮ್ರದ ಗುಮ್ಮಟ, ರಂಗ, ಪ್ರೇಕ್ಷಕರು ಕೂರುವ ಜಾಗ, ಪರದೆ ಎಲ್ಲ ಹೋಯಿತು. ಪಕ್ಕದಲ್ಲೇ ನದಿ ಹರಿಯುತ್ತಿತ್ತು. ಸಿಡಿಲಿನಿಂದ ಕಾಪಾಡಲು ಹೋಗಿ ಸುಟ್ಟುಕೊಂಡ ಕಟ್ಟಡ ಇನ್ನೆಲ್ಲಾದರೂ ಇದ್ದರೆ ನನಗೆ ಹೇಳಿ.

ಮೂವತ್ತು ವರ್ಷ ಚಂದಾ ಎತ್ತಿ ಕಟ್ಟಿದ್ದು ಎರಡು ತಿಂಗಳಿಗೆ ಬೂದಿ. ನಾವಾದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದೆವೇನೋ. ಇವರು 47 ದಿನದಲ್ಲಿ ಹತ್ತು ಲಕ್ಷ ಗುಲ್ಡನ್ (ಆಗಿನ ನಾಣ್ಯ) ಕೂಡಿಸಿದರು.

ಮತ್ತೆ ಕಟ್ಟಿದ್ದು ಜೀತೆಕ್ ಅಲ್ಲ. ಬೆಂಕಿಯ ನಂತರ ಅವರ ಮೇಲೆ ಬೈಗುಳ, ಆರೋಪ ಸುರಿಯಿತು. ಮನುಷ್ಯ ನೊಂದು ಪಕ್ಕಕ್ಕೆ ಸರಿದರು. ಶಿಷ್ಯ ಯೋಸೆಫ್ ಶುಲ್ತ್ಸ್ ಕೆಲಸ ವಹಿಸಿಕೊಂಡು, ಪಕ್ಕದ ಒಂದು ಮನೆಯನ್ನೂ ಸೇರಿಸಿಕೊಂಡು ಜಾಗ ದೊಡ್ಡದು ಮಾಡಿ, ಎರಡೇ ವರ್ಷದಲ್ಲಿ ಮುಗಿಸಿದರು. ಮಧ್ಯೆ, ಅದೇ ಡಿಸೆಂಬರ್‌ನಲ್ಲಿ, ವಿಯೆನ್ನಾದ ರಿಂಗ್ ಥಿಯೇಟರ್‌ನಲ್ಲಿ ಗ್ಯಾಸ್ ದೀಪದಿಂದ ಬೆಂಕಿ ಹತ್ತಿ ನೂರಾರು ಜನ ಸತ್ತರು. ಆಗ ಎಲ್ಲರಿಗೂ ಭಯ ಹತ್ತಿತು. ಹಾಗಾಗಿ ಇಲ್ಲಿ ರಂಗದ ಚೌಕಟ್ಟಿಗೆ ಕಬ್ಬಿಣ, ಒಳಗೆ ಎಡಿಸನ್ ಕಂಪನಿಯ ವಿದ್ಯುತ್ ದೀಪ. 1883ರ ನವೆಂಬರ್ 18ಕ್ಕೆ ಎರಡನೇ ಸಲ ಬಾಗಿಲು ತೆರೆಯಿತು.

ಪೂರ್ತಿ ಬಡವರ ಚಿಲ್ಲರೆ ಕಾಸಿನಲ್ಲೇ ಕಟ್ಟಿದ್ದಂತೆ?

ಗೈಡ್‌ಗಳು ಹಾಗೇ ಹೇಳುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ಪೂರ್ತಿ ನಿಜ ಅಲ್ಲ. ರೈತರು, ಕೂಲಿಯವರು, ಶಾಲೆ ಮಕ್ಕಳು ಕೊಟ್ಟಿದ್ದು ಹೌದು. ಆದರೆ ಚಕ್ರವರ್ತಿ ಫ್ರಾಂಜ್ ಯೋಸೆಫ್ ಕೂಡ ಕೊಟ್ಟರು, ಅವರ ಮನೆಯವರು ಕೊಟ್ಟರು, ಜಹಗೀರುದಾರರು ಕೊಟ್ಟರು, ಸುಟ್ಟ ಮೇಲೆ ವಿಮೆ ಹಣವೂ ಬಂತು. ಯಾರ ಭಾಷೆಯ ಕೆಳಗಿಂದ ಎದ್ದು ಬರಬೇಕು ಅಂತ ಕಟ್ಟಿದರೋ ಅದೇ ಚಕ್ರವರ್ತಿ ಚಂದಾ ಬರೆಸಿದ್ದು ಸ್ವಲ್ಪ ತಮಾಷೆಯಾಗಿಯೇ ಇದೆ. ನನ್ನ ಲೆಕ್ಕದಲ್ಲಿ ಇದರಿಂದ ಕಟ್ಟಡದ ತೂಕ ಕಡಿಮೆ ಆಗುವುದಿಲ್ಲ. ರಾಜ ಒಬ್ಬ ಖಜಾನೆಯಿಂದ ಕಟ್ಟಿಸಿ ಕೊಟ್ಟ ಮನೆಯಲ್ಲ ಇದು, ಮನೆಮನೆಗೆ ಹೋಗಿ ರಸೀದಿ ಹರಿದ ಮನೆ.

ರಂಗದ ಮೇಲೆ ಚಿನ್ನದ ಅಕ್ಷರದಲ್ಲಿ ಏನೋ ಬರೆದಿದೆಯಲ್ಲ?

'ನಾರೋದ್ ಸೊಬ್ಯೆ'. ಎರಡೇ ಪದ. ನಾಡಿನ ಜನ ತಮಗೆ ತಾವೇ ಕೊಟ್ಟುಕೊಂಡಿದ್ದು ಅಂತ. ಕನ್ನಡದಲ್ಲಿ ಎರಡು ಪದಕ್ಕೆ ಇಳಿಸಲು ತುಂಬಾ ಒದ್ದಾಡಿದ್ದೇನೆ, ಆಗಲಿಲ್ಲ. ನಿಮಗೆ ಹೊಳೆದರೆ ತಿಳಿಸಿ.

ಅದರ ಕೆಳಗಿನ ಪರದೆ ಬೇಗ ಹೋಗಿ ಕೂತು ನೋಡಬೇಕಾದದ್ದು. ಸುಟ್ಟುಹೋದ ಹಳೇ ಪರದೆ ಫ್ರಾಂತಿಶೆಕ್ ಝೆನಿಶೆಕ್ ಬರೆದದ್ದು. ಈಗಿನದು ವೊಯ್ತೆಖ್ ಹಿನಾಯಿಸ್ ಅವರದು. ಅದರಲ್ಲಿರುವುದು ದೇವರಲ್ಲ ರಾಜನಲ್ಲ, ಇದೇ ಕಟ್ಟಡಕ್ಕೆ ಜನ ಕಾಣಿಕೆ ತಂದುಕೊಡುತ್ತಿರುವುದು, ಶಿಲ್ಪಿಗಳು ಕೆಲಸ ಮಾಡುತ್ತಿರುವುದು. ಮೇಲೆ ರೆಕ್ಕೆ ಬಿಚ್ಚಿದ ಒಬ್ಬ ಹೆಣ್ಣು. ಹಿನಾಯಿಸ್ ಆಗ ಪ್ಯಾರಿಸ್‌ನಲ್ಲಿದ್ದರು. ಆ ರೆಕ್ಕೆಯ ಹೆಣ್ಣಿಗೆ ಮಾಡೆಲ್ ಆಗಿ ನಿಂತದ್ದು ಸುಜಾನ್ ವಾಲಾದೋನ್, ಆಮೇಲೆ ತಾನೇ ದೊಡ್ಡ ಚಿತ್ರಕಾರ್ತಿಯಾದವರು.

ಇಲ್ಲಿ ಕೆಲಸ ಮಾಡಿದ ಕಲಾವಿದರಿಗೆ ಜೆಕ್ ಕಲಾ ಇತಿಹಾಸದಲ್ಲಿ 'ನ್ಯಾಷನಲ್ ಥಿಯೇಟರ್ ಪೀಳಿಗೆ' ಅಂತಲೇ ಹೆಸರು. ಮಿಕೊಲಾಶ್ ಆಲೆಶ್, ಝೆನಿಶೆಕ್, ಮಿಸ್ಲ್‌ಬೆಕ್, ಶ್ನಿರ್ಖ್ ಹೀಗೆ. ಚಾವಣಿಯ ಮೂಲೆಯಲ್ಲಿ ಮೂರು ಕುದುರೆಯ ರಥಗಳಿವೆ ನೋಡಿ, ಅದರ ಕಲ್ಪನೆ ಶ್ನಿರ್ಖ್ ಅವರದು. ಪಾಪ, ಅವು ಮೇಲೇರಿದ್ದನ್ನು ನೋಡಲು ಅವರು ಉಳಿದಿರಲಿಲ್ಲ.

ಎರಡೂ ಸಲ ಮೊದಲು ಆಡಿದ್ದು ಯಾವುದು?

ಸ್ಮೆತನಾ ಅವರ 'ಲಿಬುಶೆ'. ಲಿಬುಶೆ ಅಂದರೆ ಪ್ರಾಗ್ ನಗರ ಹುಟ್ಟುತ್ತದೆ ಅಂತ ಕಣಿ ಹೇಳಿದ ರಾಣಿ, ದಂತಕಥೆಯವಳು. ಫ್ರಾಂಜ್ ಯೋಸೆಫ್ ಬೊಹೀಮಿಯಾದ ದೊರೆ ಅಂತ ಕಿರೀಟ ಧರಿಸುವಾಗ ಆಡಲಿ ಅಂತ ಇತ್ತು, ಆ ಪಟ್ಟಾಭಿಷೇಕ ನಡೆಯಲೇ ಇಲ್ಲ. ಸ್ಮೆತನಾ ಅದನ್ನು ಈ ಕಟ್ಟಡಕ್ಕೆ ಅಂತ ವರ್ಷಗಟ್ಟಲೆ ಎತ್ತಿಟ್ಟರು. ಅಷ್ಟರಲ್ಲಿ ಅವರ ಕಿವಿ ಹೋಗಿತ್ತು. 1874ರಿಂದಲೇ ಏನೂ ಕೇಳಿಸುತ್ತಿರಲಿಲ್ಲ. ಇಡೀ ಸಭೆ ಚಪ್ಪಾಳೆ ತಟ್ಟುವಾಗ ಅವರಿಗೆ ಕಂಡಿದ್ದು ಕೈಗಳು ಮಾತ್ರ.

ಆಮೇಲೆ ಇಲ್ಲಿ ದೊಡ್ಡದು ಏನಾಯಿತು?

ದ್ವೊರ್ಝಾಕ್ ಅವರ 'ರುಸಾಲ್ಕಾ' ಒಪೆರಾ ಮೊದಲು ಆಡಿದ್ದು ಇಲ್ಲಿ, 1901ರ ಮಾರ್ಚ್ 31ಕ್ಕೆ. ಇನ್ನೊಬ್ಬ ಜೆಕ್ ಸಂಗೀತಕಾರ ಯಾನಾಚೆಕ್ ಅವರ ಒಪೆರಾ 'ಯೆನೂಫಾ' ಊರ ಕಡೆಯ ಬ್ರ್ನೋದಲ್ಲಿ ಹನ್ನೆರಡು ವರ್ಷ ಬಿದ್ದಿದ್ದು 1916ರಲ್ಲಿ ಇಲ್ಲಿಗೆ ಬಂತು, ಆಮೇಲೆಯೇ ಹೊರಜಗತ್ತಿಗೆ ಗೊತ್ತಾಯಿತು.

ಆದರೆ ನೀವು ದಿನಾ ಆಡುವ ಒಂದು ಪದಕ್ಕೂ ಈ ರಂಗಕ್ಕೂ ನಂಟಿದೆ: ರೋಬೋಟ್. ಕಾರೆಲ್ ಚಾಪೆಕ್ ಅವರ 'ಆರ್.ಯು.ಆರ್.' ನಾಟಕ 1921ರ ಜನವರಿ 25ಕ್ಕೆ ಇಲ್ಲಿ ಆಡಿದರು. ಫ್ಯಾಕ್ಟರಿಯಲ್ಲಿ ಮನುಷ್ಯರ ಹಾಗಿರುವ ಆಳುಗಳನ್ನು ತಯಾರು ಮಾಡುತ್ತಾರೆ, ಕೊನೆಗೆ ಆ ಆಳುಗಳು ತಿರುಗಿ ಬೀಳುತ್ತವೆ. ಅವಕ್ಕೆ ಹೆಸರು ಹೇಳಿಕೊಟ್ಟವರು ಅಣ್ಣ ಯೋಸೆಫ್ ಚಾಪೆಕ್. 'ರೋಬೊತಾ' ಅಂದರೆ ಜಮೀನ್ದಾರನಿಗೆ ಮಾಡುವ ಬಿಟ್ಟಿ ಚಾಕರಿ. ಕನ್ನಡದ 'ಬಿಟ್ಟಿ'ಯಷ್ಟು ಸರಿಯಾಗಿ ಹೊಂದುವ ಪದ ಇನ್ನೊಂದು ಭಾಷೆಯಲ್ಲಿ ಸಿಕ್ಕೀತಾ ಅಂತ ನನಗೆ ಅನುಮಾನ.

ಈ ಕಟ್ಟಡ ಯಾವಾಗಲೂ ಜನರ ಪರವೇ ನಿಂತಿತ್ತಾ?

ಇಲ್ಲ. ಇದನ್ನು ಹೇಳದೆ ಬಿಟ್ಟರೆ ಉಳಿದದ್ದು ಭಟ್ಟಂಗಿ ಮಾತಾಗುತ್ತದೆ.

1918ರ ಮೇ ತಿಂಗಳಲ್ಲಿ ಅಡಿಗಲ್ಲು ಹಾಕಿ 50 ವರ್ಷ ಅಂತ ಸೇರಿದ ಜನ ಅದನ್ನೇ ಚಕ್ರಾಧಿಪತ್ಯದ ವಿರುದ್ಧದ ಪ್ರದರ್ಶನ ಮಾಡಿಬಿಟ್ಟರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಚೆಕೊಸ್ಲೊವಾಕಿಯಾ ಹುಟ್ಟಿತು. ಅಲ್ಲಿಯವರೆಗೆ ಕಥೆ ಚೆಂದ.

ಆಮೇಲೆ ನಾಜಿಗಳು ಬಂದರು. 1942ರಲ್ಲಿ ಹೈಡ್ರಿಖ್ ಎಂಬ ನಾಜಿ ಅಧಿಕಾರಿಯನ್ನು ಪ್ರಾಗ್‌ನಲ್ಲಿ ಕೊಂದಾಗ ಸೇಡಿಗೆ ಊರಿಗೆ ಊರೇ ಅಳಿಸಿದರು. ಆ ಜೂನ್ 24ಕ್ಕೆ ಜೆಕ್ ರಂಗಕರ್ಮಿಗಳನ್ನು ಇದೇ ಸಭಾಂಗಣಕ್ಕೆ ಕರೆಸಿ, ಹಿಟ್ಲರನ ಆಳ್ವಿಕೆಗೆ ನಿಷ್ಠೆ ಹೇಳಿಸಿದರು. ಕೈ ಮುಂದೆ ಚಾಚಿ ನಿಂತ ನಟನಟಿಯರ ಫೋಟೋಗಳಿವೆ. ಎದುರಿಗೆ ಸಾವಿತ್ತು, ಬಲವಂತ ಇತ್ತು, ಒಪ್ಪಿದೆ. ಆದರೂ ತಲೆಯ ಮೇಲೆ ಅದೇ ಎರಡು ಚಿನ್ನದ ಪದ.

ಮತ್ತೆ 1977, ಕಮ್ಯುನಿಸ್ಟರ ಆಳ್ವಿಕೆ. ನಾಟಕಕಾರ ವಾತ್ಸ್ಲಾವ್ ಹಾವೆಲ್ ಮತ್ತಿತರರು 'ಚಾರ್ಟರ್ 77' ಅಂತ ಮನುಷ್ಯ ಹಕ್ಕಿನ ಪತ್ರ ಬರೆದಿದ್ದರು. ಜನವರಿ 28ಕ್ಕೆ ಕಮ್ಯುನಿಸ್ಟ್ ಸರ್ಕಾರ ನಾಡಿನ ಹೆಸರಾಂತ ಕಲಾವಿದರನ್ನೆಲ್ಲ ಇಲ್ಲಿ ಸೇರಿಸಿ ಅದನ್ನು ಖಂಡಿಸುವ ಹೇಳಿಕೆಗೆ ಸಹಿ ಹಾಕಿಸಿತು. ಆ ಚಾರ್ಟರನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಿರಲೇ ಇಲ್ಲ. ಓದದೇ ಇರುವುದನ್ನು ಖಂಡಿಸಿದರು. ಇವತ್ತಿಗೂ ಜೆಕ್ ಮನೆಗಳಲ್ಲಿ ಹಿರಿಯ ನಟರ ಹೆಸರು ಬಂದರೆ 'ಅವತ್ತು ಅವರೂ ಕೂತಿದ್ದರು' ಅಂತ ಯಾರಾದರೊಬ್ಬರು ಅಂದೇ ಅನ್ನುತ್ತಾರೆ.

ಹನ್ನೆರಡು ವರ್ಷ ಕಳೆಯಿತು. 1989ರ ನವೆಂಬರ್ 17ರ ಸಂಜೆ ವಿದ್ಯಾರ್ಥಿಗಳ ಮೆರವಣಿಗೆ ನದಿ ದಂಡೆಯಲ್ಲಿ ಬಂದು, ಈ ಕಟ್ಟಡದ ಮೂಲೆಯಲ್ಲಿ ತಿರುಗಿ ನಾರೋದ್ನಿ ರಸ್ತೆಗೆ ಇಳಿಯಿತು. ಮುಂದೆ ಪೊಲೀಸರು ಅಡ್ಡಗಟ್ಟಿ ಹೊಡೆದರು. ಮಾರನೇ ದಿನ ನಟರು ಮುಷ್ಕರ ಹೂಡಿದರು. ಊರಿನ ರಂಗಮಂದಿರಗಳಲ್ಲಿ ಟಿಕೆಟ್ ತಗೊಂಡು ಬಂದವರಿಗೆ ನಾಟಕ ಇಲ್ಲ, ಹೇಳಿಕೆ ಓದುವುದು, ಚರ್ಚೆ. ಕಮ್ಯುನಿಸ್ಟ್ ಆಳ್ವಿಕೆ ಕುಸಿಯಿತು. ಡಿಸೆಂಬರ್ 29ಕ್ಕೆ ನಾಟಕಕಾರ ಹಾವೆಲ್ ರಾಷ್ಟ್ರಪತಿ.

ಪಕ್ಕದಲ್ಲಿ ಗಾಜಿನ ಡಬ್ಬ ಇದೆಯಲ್ಲ, ಅದೇನು?

ಬಬಲ್ ರ‍್ಯಾಪ್ ಸುತ್ತಿಟ್ಟ ಫ್ರಿಜ್ ಥರ ಕಾಣುತ್ತೆ, ಹೌದು. ಅದು 'ಹೊಸ ರಂಗ'. 1977ರಿಂದ ಆರು ವರ್ಷ ಹಳೇ ಕಟ್ಟಡ ಮುಚ್ಚಿ ದುರಸ್ತಿ ಮಾಡಿದರು. 1983ರ ನವೆಂಬರ್ 18ಕ್ಕೆ, ಸರಿಯಾಗಿ ನೂರು ವರ್ಷಕ್ಕೆ, ಮತ್ತೆ 'ಲಿಬುಶೆ'ಯಿಂದಲೇ ತೆರೆದರು. ಎರಡು ದಿನ ಬಿಟ್ಟು ಪಕ್ಕದ ಈ ಗಾಜಿನದು ಶುರುವಾಯಿತು. ವಾಸ್ತುಶಿಲ್ಪಿ ಕಾರೆಲ್ ಪ್ರಾಗೆರ್. ಮೊದಲು ನನಗೂ ಕಣ್ಣಿಗೆ ಚುಚ್ಚುತ್ತಿತ್ತು. ಚಳಿಗಾಲದ ಸಂಜೆ ಒಳಗಿನ ದೀಪ ಹತ್ತಿದಾಗ ನೋಡಿ, ಮನಸ್ಸು ಬದಲಾಗಬಹುದು.

ಮೊಜಾರ್ಟ್ ನಡೆಸಿಕೊಟ್ಟ ರಂಗಮಂದಿರ ಇದೇನಾ?

ಅಲ್ಲ, ಎಲ್ಲರೂ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಮೊಜಾರ್ಟ್‌ನ ಒಪೆರಾ 'ಡಾನ್ ಜಿಯೋವಾನಿ' 1787ರಲ್ಲಿ ಮೊದಲು ಆಡಿದ್ದು ಹಳೇ ಪೇಟೆಯ ಎಸ್ಟೇಟ್ಸ್ ಥಿಯೇಟರ್‌ನಲ್ಲಿ. ಜೆಕ್ ನಾಟಕಕ್ಕೆ ಭಾನುವಾರ ಮಧ್ಯಾಹ್ನ ಕೊಡುತ್ತಿದ್ದದ್ದು ಅಲ್ಲೇ. 1834ರಲ್ಲಿ ಅಲ್ಲಿ ಆಡಿದ ಒಂದು ಹಾಸ್ಯ ನಾಟಕದ ಹಾಡು ಇವತ್ತಿನ ಜೆಕ್ ರಾಷ್ಟ್ರಗೀತೆ. ರಂಗಗೀತೆಯೊಂದು ರಾಷ್ಟ್ರಗೀತೆ ಆಗಿದೆ! 1920ರಿಂದ ಆ ಕಟ್ಟಡವೂ ನ್ಯಾಷನಲ್ ಥಿಯೇಟರ್ ಸಂಸ್ಥೆಗೇ ಸೇರಿದೆ. ಟಿಕೆಟ್ ತಗೊಳ್ಳುವಾಗ ಯಾವ ಕಟ್ಟಡ ಅಂತ ಎರಡು ಸಲ ನೋಡಿ. ನಾನು ಒಮ್ಮೆ ಕೋಟು ಹಾಕಿಕೊಂಡು ತಪ್ಪು ಬಾಗಿಲಲ್ಲಿ ನಿಂತು, ಆಮೇಲೆ ಓಡಿ, ಮೊದಲ ಅಂಕವನ್ನು ಬಾಗಿಲ ಹೊರಗೆ ಕಳೆದಿದ್ದೇನೆ.

ನಮ್ಮ ರವೀಂದ್ರ ಕಲಾಕ್ಷೇತ್ರದ ಥರವೇ ಅನ್ನಬಹುದಾ?

ಹೋಲಿಸಿದರೆ ತಪ್ಪೇನಿಲ್ಲ, ಹುಟ್ಟಿದ ಬಗೆ ಬೇರೆ. ಕಲಾಕ್ಷೇತ್ರ ಟಾಗೋರರ ಜನ್ಮಶತಾಬ್ದಿಯ ನೆನಪಿನದು, ಇದು ಜನ ತಮ್ಮ ಭಾಷೆಗೆ ಅಂತ ಚಂದಾ ಎತ್ತಿ ಕಟ್ಟಿಕೊಂಡದ್ದು. ಮತ್ತೆ ಇಲ್ಲಿ ಸ್ವಂತ ತಂಡವೇ ಇದೆ: ನಾಟಕಕ್ಕೊಂದು, ಒಪೆರಾಕ್ಕೊಂದು, ಬ್ಯಾಲೆಗೊಂದು. ಬಾಡಿಗೆಗೆ ಹಾಲ್ ಬುಕ್ ಮಾಡುವ ಕಥೆಯಲ್ಲ. ಅಂದ ಹಾಗೆ ಟಾಗೋರರು 1921ರಲ್ಲಿ ಪ್ರಾಗ್‌ಗೆ ಬಂದಿದ್ದರು. ಅವರ ಮಾತು ಕೇಳಿ ಯಾನಾಚೆಕ್ ಎಷ್ಟು ಮರುಳಾದರು ಅಂದರೆ ಟಾಗೋರರ ಒಂದು ಕವಿತೆಗೆ ವೃಂದಗಾನವನ್ನೇ ಕಟ್ಟಿದರು.

ಜೆಕ್ ಬರದಿದ್ದರೆ ಹೋಗಿ ಏನು ಮಾಡುವುದು? ಟಿಕೆಟ್, ಬಟ್ಟೆ, ಊಟ?

ಒಪೆರಾಕ್ಕೆ ಹೋಗಿ, ರಂಗದ ಮೇಲ್ಗಡೆ ಜೆಕ್ ಮತ್ತು ಇಂಗ್ಲಿಷ್‌ನಲ್ಲಿ ಸಾಲುಗಳು ಓಡುತ್ತವೆ. ಬ್ಯಾಲೆಗೆ ಭಾಷೆಯೇ ಬೇಡ. ಮೇಲಿನ ಗ್ಯಾಲರಿಯ ಟಿಕೆಟ್ ಅಗ್ಗ, ಆದರೆ ಕಡಿದಾಗಿದೆ, ಮೊಣಕಾಲು ನೋವಿರುವವರು ಬೇಡ. ಜುಲೈ, ಆಗಸ್ಟ್‌ನಲ್ಲಿ ರಜೆ, ನಮ್ಮವರು ಸರಿಯಾಗಿ ಆಗಲೇ ಬರುವುದು! 22ನೇ ನಂಬರಿನ ಟ್ರಾಮ್ ಹತ್ತಿದರೆ ಮುಂದೆಯೇ ಇಳಿಸುತ್ತದೆ.

ಬಟ್ಟೆ ವಿಷಯದಲ್ಲಿ ಇಲ್ಲಿನ ಹಿರಿಯರು ಕಟ್ಟುನಿಟ್ಟು. ಜೀನ್ಸ್ ಹಾಕಿದರೆ ಹೊರಗೆ ಕಳಿಸುವುದಿಲ್ಲ, ಪಕ್ಕದ ಅಜ್ಜಿ ಕಣ್ಣಲ್ಲೇ ಬೈಯುತ್ತಾರೆ. ಸೀರೆ ಉಟ್ಟು ಹೋದರೆ ಅದೇ ಅಜ್ಜಿ ಮಧ್ಯಂತರದಲ್ಲಿ ಬಂದು ಮಾತಾಡಿಸುತ್ತಾರೆ, ನಮ್ಮ ಅಮ್ಮನಿಗೆ ಹಾಗೇ ಆಯಿತು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು, ಸೆರಗಿನ ಜರಿ ಮುಟ್ಟಿ ನೋಡುತ್ತಾ ಗಂಟೆ ಹೊಡೆಯುವವರೆಗೆ ಮಾತಾಡಿದರು. ದಪ್ಪ ಕೋಟನ್ನು ಒಳಗೆ ತರುವಂತಿಲ್ಲ, ಕೆಳಗೆ ಕೊಟ್ಟು ಟೋಕನ್ ತಗೊಳ್ಳಬೇಕು.

ತಿನ್ನಲು ಸಿಗುವುದು ಖ್ಲೆಬೀಚ್ಕಿ, ಬ್ರೆಡ್ ತುಂಡಿನ ಮೇಲೆ ಏನೇನೋ ಜೋಡಿಸಿದ್ದು. ಆ ಏನೇನೋದಲ್ಲಿ ಹೆಚ್ಚಿನ ಸಲ ಹಂದಿ ಮಾಂಸ ಇರುತ್ತದೆ. ಸಸ್ಯಾಹಾರಿಗಳು ಮನೆಯಲ್ಲೇ ಉಪ್ಪಿಟ್ಟು ತಿಂದು ಹೊರಡಿ, 'ಲಿಬುಶೆ' ಮುಗಿಯುವಾಗ ಹತ್ತು ಗಂಟೆ ಮೀರಿರುತ್ತದೆ.